ತಾಯಮ್ಮ ನಮ್ಮ ಮನೆ ಮುಂದೆ ನಿಂತದ್ದು

ಬೇರಿಕೆ ರಸ್ತೆಯಲ್ಲಿ ಬೈಕುಗಳಿಗಿಂತ ಸೈಕಲ್ಲುಗಳೇ ಹೆಚ್ಚಾಗಿ ಓಡಾಡುತ್ತಿದ್ದ ಕಾಲ ಅದು. ನಮ್ಮ ಬೀದಿಯಲ್ಲಿ ಹೆಣ ಹೋಗುತ್ತದೆಂದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ತಮಟೆ ಸದ್ದು ಕೇಳಿದ್ದೇ ತಡ, ಗಂಡಸರು ತಲೆಗೆ ಸುತ್ತಿದ ಟವೆಲ್ ತೆಗೆದು ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಎದುರಿನ ಅಂಗಡಿ ಜಯಮ್ಮ ರೇಡಿಯೋ ಆರಿಸಿ ಅರ್ಧ ಬಾಗಿಲು ಎಳೆಯುತ್ತಿದ್ದಳು. ಹೊಸೂರಿನ ಫ್ಯಾಕ್ಟರಿಗೆ ಹೊರಟವರು ಶಿಫ್ಟಿಗೆ ಹೊತ್ತಾದರೂ ಗಾಡಿಯಿಂದಿಳಿದು, ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು. ನಾವು ಮಕ್ಕಳು ಕುಂಟೆಬಿಲ್ಲೆ ಆಟ ನಿಲ್ಲಿಸಿ, ಬಿಲ್ಲೆಯನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದೆವು. ಎರಚಿದ ಪುರಿ, ಚಿಲ್ಲರೆ ಕಾಸು ಕಾಲ ಹತ್ತಿರವೇ ಬಿದ್ದರೂ ಮುಟ್ಟುವಂತಿರಲಿಲ್ಲ. ಎಲ್ಲರೂ ದಾಟಿದ ಮೇಲೆ ಬಾಗಿಲ ಮುಂದೆ ಒಂದು ಬಿಂದಿಗೆ ನೀರು ಸುರಿದರೆ ಮುಗಿಯಿತು.

ಸತ್ತವರಿಗೆ ಮರ್ಯಾದೆ ಎಂದು ದೊಡ್ಡವರು ಹೇಳುತ್ತಿದ್ದರು. ನನಗೆ ಮಾತ್ರ ಅದರಲ್ಲಿ ಅರ್ಧ ಬರೀ ಪತ್ತೇದಾರಿಕೆ ಅನ್ನಿಸುತ್ತಿತ್ತು. ಯಾರು ಎದ್ದರು, ಯಾರು ಏಳಲಿಲ್ಲ, ಯಾರ ಟವೆಲ್ ತಡವಾಗಿ ಇಳಿಯಿತು ಎಂಬುದನ್ನು ಪ್ರತಿಯೊಬ್ಬರೂ ಓರೆಗಣ್ಣಿನಲ್ಲಿ ನೋಡಿಟ್ಟುಕೊಳ್ಳುತ್ತಿದ್ದರು. ಏಳದವರ ಹೊಟ್ಟೆಯಲ್ಲಿ ಸತ್ತವರ ಮೇಲೆ ಏನೋ ಇದೆ ಎಂದೇ ಲೆಕ್ಕ.

ಆ ಲೆಕ್ಕಕ್ಕೆ ಸಿಕ್ಕಿಕೊಂಡವಳು ನಮ್ಮಜ್ಜಿ. ನಾಲ್ಕು ಮನೆ ಆಚೆಯ ತಾಯಮ್ಮ ಅವಳ ಜೀವದ ಗೆಳತಿ. ತಾಯಮ್ಮನ ಗಂಡ ತೀರಿಕೊಂಡು, ಅವನ ಮೆರವಣಿಗೆ ನಮ್ಮ ಮನೆ ಮುಂದೆ ಹಾದುಹೋದಾಗ ಅಜ್ಜಿ ಜಗಲಿಯ ಮೇಲಿರಲಿಲ್ಲ. ಹಿಂದಿನ ಕೊಟ್ಟಿಗೆಯಲ್ಲಿ ಹಸು ಕರು ಹಾಕುತ್ತಿತ್ತು, ಕರುವಿನ ಕಾಲು ಅಡ್ಡ ಬಂದಿತ್ತು, ಕೈ ಬಿಡುವಂತಿರಲಿಲ್ಲ. ತಾಯಮ್ಮ ಇದನ್ನು ನಂಬಲಿಲ್ಲ. ಹಸು ಈಯುವುದಕ್ಕೂ ಅವತ್ತೇ ಆಗಬೇಕಿತ್ತೇ ಎಂದು ಒಂದು ಸಲ ಕೇಳಿದವಳು ಆಮೇಲೆ ಮಾತೇ ಬಿಟ್ಟಳು. ಅಜ್ಜಿಯೂ ಬಿಟ್ಟಳು. ಆ ಕರು ದೊಡ್ಡದಾಗಿ, ತಾನೇ ಎರಡು ಕರು ಹಾಕಿದರೂ ಅಜ್ಜಿ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದಳು, ಸಾಕ್ಷಿ ತೋರಿಸುವ ಹಾಗೆ.

ನಾನು ಹುಟ್ಟುವ ಹೊತ್ತಿಗೇ ಅವರಿಬ್ಬರ ಮಾತು ನಿಂತುಹೋಗಿತ್ತು. ತಾಯಮ್ಮ ನನ್ನನ್ನು ಕರೆದು ಸೀಬೆಹಣ್ಣು ಕೊಡುತ್ತಿದ್ದಳು. ಅಜ್ಜಿಯ ಸುದ್ದಿ ಎತ್ತುತ್ತಿರಲಿಲ್ಲ. "ನಿಮ್ಮ ಹಸು ಚೆನ್ನಾಗೈತಾ ಮಗಾ?" ಎಂದಷ್ಟೇ ಕೇಳುತ್ತಿದ್ದಳು. ನಾನು ಬಂದು ಹೇಳಿದರೆ, ದೃಷ್ಟಿ ಹಾಕುವುದಕ್ಕೆ ಕೇಳಿರುತ್ತಾಳೆಂದು ಅಜ್ಜಿ ಹಸುವಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು.

ಅವರೆಕಾಯಿ ಕಾಲ. ಬೀದಿಯಲ್ಲೆಲ್ಲ ಸೊಗಡಿನ ವಾಸನೆ, ಬೆಳಗಿನಿಂದ ಜಿಟಿಜಿಟಿ ಸೋನೆ. ಅಂಥ ದಿನ ತಾಯಮ್ಮ ಹೋದಳು. ತಮಟೆ ಕೇಳುವುದಕ್ಕೆ ಮೊದಲೇ ಅಜ್ಜಿ ಜಗಲಿ ಇಳಿದು, ಬರಿಗಾಲಲ್ಲಿ ಮಳೆಯಲ್ಲೇ ನಿಂತಳು. ಈ ಸಲ ಯಾರೂ ಬೆರಳು ತೋರಿಸಬಾರದು. ನನ್ನನ್ನೂ ಪಕ್ಕಕ್ಕೆ ಎಳೆದುಕೊಂಡಳು. ಹೆಣದ ಮುಖ ನೋಡಬಾರದೆಂದು ಇಬ್ಬರೂ ತಲೆ ತಗ್ಗಿಸಿದೆವು.

ತಮಟೆ ಹತ್ತಿರ ಬಂತು. ನಿಂತುಬಿಟ್ಟಿತು. ಕಾದೆವು. ಮತ್ತೆ ಸದ್ದಿಲ್ಲ. ತಲೆ ಎತ್ತಿದರೆ ಚಟ್ಟ ಸರಿಯಾಗಿ ನಮ್ಮ ಮನೆ ಎದುರಿಗೆ ನಿಂತಿದೆ. ಸೇವಂತಿಗೆ ಹಾರದ ನಡುವೆ ತಾಯಮ್ಮನ ಮುಖ ನಮ್ಮ ಕಡೆಗೇ ವಾಲಿಕೊಂಡಿದೆ. ಹೊತ್ತವರು ಹೆಗಲು ಬದಲಿಸಲಿಲ್ಲ, ಸುಮ್ಮನೆ ನಿಂತಿದ್ದರು. ಆಮೇಲೆ ತಮಟೆ ಗಟ್ಟಿಯಾಗಿ ಶುರುವಾಗಿ ಎಲ್ಲರೂ ಮುಂದೆ ಹೋದರು.

ಬಾಗಿಲ ಸಂದಿಯಿಂದ ಜಯಮ್ಮ ಎಲ್ಲವನ್ನೂ ನೋಡಿದ್ದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ತಾಯಮ್ಮ ಸಿಟ್ಟು ಇಟ್ಟುಕೊಂಡೇ ಹೋದಳು, ಅದಕ್ಕೇ ಆ ಮನೆ ಮುಂದೆ ಹೆಣ ಭಾರವಾಗಿ ನಿಂತಿತು. ಮಾರನೆಯ ದಿನದಿಂದ ನಮ್ಮ ಮನೆಗೆ ಮಜ್ಜಿಗೆಗೆ ಯಾರೂ ಬರಲಿಲ್ಲ. ಕುಂಟೆಬಿಲ್ಲೆಯಲ್ಲಿ ನನ್ನ ಸರದಿ ಬಂದರೆ ಹುಡುಗಿಯರು ಅಮ್ಮ ಕರೆದಳೆಂದು ಮನೆಗೆ ಓಡುತ್ತಿದ್ದರು. ಅಮ್ಮ ಅವರೆಕಾಳು ಹಿತುಕಿ ಸಾರು ಮಾಡಿದರೆ ಅಜ್ಜಿ ಮುದ್ದೆ ಮುರಿದು ಹಾಗೇ ಬಿಡುತ್ತಿದ್ದಳು.

ಅವಳಿಗೆ ಎಲ್ಲರ ಮೇಲೂ ಅನುಮಾನ. ತಾಯಮ್ಮನ ಸೊಸೆಯ ಹತ್ತಿರ ಏನಾದರೂ ಅಂದೆಯಾ ಎಂದು ಅಮ್ಮನನ್ನು ಕೆದಕಿದಳು. ಸೀಬೆಹಣ್ಣು ಕೇಳಿ ತಿಂದೆಯೋ, ಕೇಳದೆ ಕಿತ್ತೆಯೋ ಎಂದು ನನ್ನನ್ನು ಒಲೆ ಮುಂದೆ ಕೂರಿಸಿ ವಿಚಾರಿಸಿದಳು. ರಾತ್ರಿ ನನ್ನ ಪಕ್ಕದಲ್ಲಿ ಮಲಗಿ, "ನಾನು ಕರು ಎಳೀತಿದ್ದೆ ಕಣೇ, ಸುಳ್ಳಲ್ಲ," ಎಂದು ಕತ್ತಲಿಗೆ ಹೇಳುತ್ತಿದ್ದಳು. ನನಗೆ ಭಯವಾಗುತ್ತಿತ್ತು. ಅಜ್ಜಿ ಹೀಗೇ ಊಟ ಬಿಟ್ಟು ಸತ್ತುಹೋಗುತ್ತಾಳೆಂದು ಅನ್ನಿಸಿ ಅತ್ತೂ ಇದ್ದೇನೆ.

ತಾಯಮ್ಮನ ತಿಥಿ ಕಳೆದ ಮೇಲೆ ತಮಟೆ ಬಡಿಯುವ ಮಾರಣ್ಣ ಒಂದು ಹೊರೆ ರಾಗಿಹುಲ್ಲು ಕೇಳಿಕೊಂಡು ಬಂದ. ಅಮ್ಮ ಹುಲ್ಲು ಎಳೆದುಕೊಡುವಾಗ ಅವನು ಹೀಗೇ ಮಾತಿನ ನಡುವೆ ಹೇಳಿದ.

"ಅವತ್ತು ಸೋನೇಲಿ ತಮಟೆ ಚರ್ಮ ಮೆತ್ತಗಾಗ್ಬುಟ್ಟಿತ್ತು ಕಣಮ್ಮಾ. ನಿಮ್ಮ ಕೊಟ್ಟಿಗೆ ಹಿಂದೆ ಸೂರಿನಡಿ ಬೆಂಕಿ ಇತ್ತಲ್ಲ, ಬಣವೆ ಪಕ್ಕ ನುಗ್ಗಿ ಕಾಯಿಸ್ಕಂಡು ಬಂದೆ. ಇಲ್ದಿದ್ರೆ ತಾಯಮ್ಮನ್ನ ಸದ್ದಿಲ್ದೆ ಕಳಿಸ್ಬೇಕಾಗ್ತಿತ್ತು."

ಅಮ್ಮ ಹುಲ್ಲು ಬಿಟ್ಟು ನಕ್ಕೇಬಿಟ್ಟಳು. ದನಕ್ಕೆ ಸೊಳ್ಳೆ ಕಚ್ಚಬಾರದೆಂದು ಆ ಬೆಂಕಿ ಹಾಕಿದವಳು ಅವಳೇ. ತಮಟೆ ಇಲ್ಲದೆ ಹೆಣ ಮುಂದೆ ಹೋಗುವಂತಿಲ್ಲ, ಅದಕ್ಕೇ ಹೊತ್ತವರು ಕಾದು ನಿಂತಿದ್ದಾರೆ. ಇಷ್ಟೇ ವಿಷಯ. ಗಂಡಸರಿಗೆಲ್ಲ ಇದು ಗೊತ್ತಿತ್ತು, ಹೆಂಗಸರು ಯಾರೂ ಅವರನ್ನು ಕೇಳಿರಲಿಲ್ಲ. ಅಜ್ಜಿ ಈಗ ಉಸ್ಸೆಂದು ಊಟಕ್ಕೆ ಕೂರುತ್ತಾಳೆಂದು ನಾನು ಅವಳ ಮುಖ ನೋಡಿದೆ.

ಅವಳು ಕಣ್ಣು ಕಿರಿದು ಮಾಡಿ ಮಾರಣ್ಣನನ್ನು ನೋಡುತ್ತಿದ್ದಳು.

"ದಾರೀಲಿ ಇನ್ಯಾರ ಮನೇಲೂ ಬೆಂಕಿ ಇರ್ಲಿಲ್ವಾ?"

ಜಯಮ್ಮನ ಅಂಗಡಿ ಪಕ್ಕದಲ್ಲೂ ಇತ್ತು ಎಂದು ಅವನು ಒಪ್ಪಿಕೊಂಡ.

"ಮತ್ತೆ ನಮ್ಮನೆಗೇ ಯಾಕೆ ಬಂದೆ?"

ಮಾರಣ್ಣ ತಲೆ ಕೆರೆದುಕೊಂಡ. "ಯಾಕೋ ಗೊತ್ತಿಲ್ಲಮ್ಮಾ. ಕಾಲು ಇತ್ಲಾಗೇ ಬಂತು."

"ಹಂಗನ್ನು," ಎಂದಳು ಅಜ್ಜಿ. ಅವನು ಹೊರೆ ಹೊತ್ತು ಹೋದ ಮೇಲೂ ಬಾಗಿಲಲ್ಲೇ ನಿಂತಿದ್ದಳು. ಅಮ್ಮ ಸಮಾಧಾನ ಹೇಳಲು ಹೋದರೆ ಕೈ ಅಡ್ಡ ಹಿಡಿದಳು. "ತಮಟೆ ಅಂತೆ, ಬೆಂಕಿ ಅಂತೆ. ನಿಲ್ಸಿದ್ದು ಅವ್ಳೇ ಕಣೇ. ಬೈಯೋಕೆ ನಿಂತ್ಲೋ, ಮಾತಾಡ್ಸೋಕೆ ನಿಂತ್ಲೋ ಯಾರಿಗ್ಗೊತ್ತು. ಇಷ್ಟು ವರ್ಷ ಈ ಬಾಗ್ಲು ಮುಂದೆ ಮುಖ ತಿರುಗಿಸ್ಕಂಡು ಹೋದೋಳು, ಕೊನೇಗಾದ್ರೂ ನಿಂತ್ಲಲ್ಲ."

ಅವತ್ತು ರಾತ್ರಿ ಅಜ್ಜಿ ಎರಡು ಮುದ್ದೆ ಉಂಡಳು.

ಹೋದ ವರ್ಷ ಅಜ್ಜಿಯೂ ಹೋದಳು. ಈಗ ಚಟ್ಟವಿಲ್ಲ, ತಮಟೆಯಿಲ್ಲ. ಗಾಜಿನ ಪೆಟ್ಟಿಗೆಯ ವ್ಯಾನು ಹೊಸೂರಿನ ಚಿತಾಗಾರಕ್ಕೆ ಹೊರಟಿತು. ಹೆಂಗಸರು ಬರಬಾರದೆಂದು ಚಿಕ್ಕಪ್ಪ ಹೇಳಿದರೂ ನಾನು ಹತ್ತಿ ಅಜ್ಜಿಯ ಪಕ್ಕ ಕುಳಿತೆ. ಊರಿನ ಹಳೆಯ ಸ್ಮಶಾನಕ್ಕಾದರೆ ದಾರಿ ಆ ಕಡೆ ಅಲ್ಲ, ಹೊಸೂರಿಗಾದರೆ ತಾಯಮ್ಮನ ಮನೆ ಮುಂದೆಯೇ ಹೋಗಬೇಕು. ಆ ಜಾಗದಲ್ಲಿ ಈಗ ಫ್ಯಾಕ್ಟರಿ ಹುಡುಗರ ಬಾಡಿಗೆ ರೂಮುಗಳಿವೆ, ಸೀಬೆ ಮರ ಇಲ್ಲ. ಅಲ್ಲಿ ಬಂದಾಗ ಡ್ರೈವರಿಗೆ ತಮಿಳಿನಲ್ಲಿ, "ಅಣ್ಣಾ, ಕೊಂಜಂ ನಿರುತ್ತುಂಗ," ಎಂದು ಸ್ವಲ್ಪ ನಿಲ್ಲಿಸಲು ಕೇಳಿದೆ. ಏನಾದರೂ ಮರೆತಿರಾ ಎಂದು ಕೇಳಿ ಅವನು ವ್ಯಾನು ನಿಲ್ಲಿಸಿದ.

ಹಿಂದಿನ ಬೈಕುಗಳು ಹಾರ್ನ್ ಹೊಡೆದು ಪಕ್ಕದಿಂದ ನುಸುಳಿಕೊಂಡು ಹೋದವು. ಮೆಟ್ಟಿಲ ಮೇಲೆ ಕುಳಿತಿದ್ದ ಹುಡುಗನೊಬ್ಬ ತಲೆ ಎತ್ತಿ ನೋಡಿ ಮತ್ತೆ ಫೋನಿಗೆ ಬಗ್ಗಿದ. ಯಾರನ್ನೂ ದೂರುವಂತಿಲ್ಲ, ಅವರಿಗೆ ನಾವು ಯಾರೋ. ಅನುಮಾನಪಡುವುದಕ್ಕೂ ಪರಿಚಯ ಬೇಕಲ್ಲ. ಆದರೂ ನಾನು ಬಾಗಿಲುಗಳನ್ನೇ ನೋಡುತ್ತಾ ಕುಳಿತಿದ್ದೆ, ಎಲ್ಲೋ ಒಂದು ಸಂದಿಯಲ್ಲಿ ಜಯಮ್ಮನಂಥ ಒಂದು ಕಣ್ಣು ಇದ್ದೀತು, ಈ ಅಜ್ಜಿ ಇಲ್ಲೇ ಯಾಕೆ ನಿಂತಳು ಎಂದು ಊರಿಗೆಲ್ಲ ಹೇಳೀತು ಎಂದು.

ಯಾರೂ ಕೇಳಲಿಲ್ಲ. ಡ್ರೈವರ್ ಗಾಡಿ ಶುರು ಮಾಡಿದ.