ಗಂಜಿ ಇಲ್ಲದ ಹಾಸು

ನಮ್ಮ ತಾತ ಪಾಲಣ್ಣನಿಗೆ ಮನುಷ್ಯರ ಮುಖಕ್ಕಿಂತ ಮೊದಲು ಅವರ ಬಟ್ಟೆ ಕಾಣುತ್ತಿತ್ತು. ಮನೆಗೆ ಯಾರೇ ಬರಲಿ, ಕೂತ್ಕಳಿ ಅನ್ನುವ ಮೊದಲೇ ಅವರ ಹೆಗಲ ಮೇಲಿನ ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದ. ಯಾವ ಸೀಮೆಯ ಕುರಿ, ನೂತದ್ದು ಯಾರ ಕೈ, ಎಷ್ಟು ಮಳೆಗಾಲ ಕಂಡಿದೆ ಎಲ್ಲ ಹೇಳಿಬಿಡುತ್ತಿದ್ದ. ಜಮಾಬಂದಿಗೆಂದು ನಮ್ಮೂರು ಹುಲಿಕುಂಟೆಗೆ ಬಂದ ಅಮಲ್ದಾರರ ಕೋಟಿನ ತುದಿಯನ್ನೂ ಒಮ್ಮೆ ಹೀಗೇ ಹಿಡಿದು ನೋಡಿ, ಅವರ ಜವಾನನಿಂದ ಚೆನ್ನಾಗಿ ಬೈಸಿಕೊಂಡಿದ್ದನಂತೆ. ಬೈಗುಳವೆಲ್ಲ ಮುಗಿದ ಮೇಲೆ, ನೂಲೇನೋ ಒಳ್ಳೆಯದು, ಆದರೆ ನೇಯ್ದವನಿಗೆ ಅವಸರ ಜಾಸ್ತಿ ಎಂದು ಹೇಳಿ ಬಂದನಂತೆ.

ಅವಸರದ ಮಾತು ಅವನ ಬಾಯಲ್ಲಿ ಬರಬಾರದಿತ್ತು. ಸುತ್ತಲ ಹತ್ತೂರಲ್ಲಿ ಅವನಷ್ಟು ಅವಸರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಊಟಕ್ಕೆ ಕೂತರೆ ಮುದ್ದೆ ಆರುವ ತನಕ ಕಾಯುವವನಲ್ಲ, ನಾಲಿಗೆ ಸುಟ್ಟುಕೊಂಡು ಅಜ್ಜಿಯನ್ನು ಬೈಯುವವನು. ಅವನು ನೇಯ್ದ ಕರಿ ಕಂಬಳಿಗಳನ್ನು ಶಿರಾ, ಮಧುಗಿರಿಯ ಸಂತೆಗಳಲ್ಲಿ ಜನ ಹೆಸರು ಹೇಳಿ ಕೇಳುತ್ತಿದ್ದರಂತೆ. ನನಗೆ ಆ ಕಂಬಳಿಗಳ ಬಗ್ಗೆ ಹೇಳಿಕೊಳ್ಳುವ ಉಮೇದಿಲ್ಲ. ಅವನು ಜೀವಮಾನದಲ್ಲಿ ಒಂದೇ ಸಲ ನೇಯ್ದ, ಮೂರು ಮೊಳ ಉದ್ದದ ಒಂದು ಕತ್ತುವಸ್ತ್ರದ ಬಗ್ಗೆ ಹೇಳಬೇಕು.

ನಮ್ಮವ್ವ ಆಂಜಿನಮ್ಮ ಆ ಮನೆಗೆ ಸೊಸೆಯಾಗಿ ಬಂದದ್ದು ಸಾವಿರದ ಒಂಬೈನೂರ ಮೂವತ್ತಾರರಲ್ಲಿ. ಅವಳ ತವರು ಪಾವಗಡದ ಆಚೆ. ಮನೆಮಾತು ತೆಲುಗು, ಕನ್ನಡವೂ ಅರ್ಧ ತೆಲುಗೇ. ನಮ್ಮಪ್ಪ ಕದರಪ್ಪ ಕುರಿಮಂದೆಯ ಜೊತೆ ತಿಂಗಳುಗಟ್ಟಲೆ ಬಯಲಲ್ಲೇ ಇರುತ್ತಿದ್ದ. ಮನೆಯಲ್ಲಿ ತಾತ, ನೂಲುವ ಅಜ್ಜಿ ಹೊನ್ನಕ್ಕ, ಹೊಸ ಸೊಸೆ, ಮೂರೇ ಜನ. ಮಾವನ ಎದುರು ಸೊಸೆ ತಲೆಯೆತ್ತಬಾರದು, ಅವನು ಏನು ಕೇಳಿದರೂ ಕೊರತೆ ಹೇಳಬಾರದು ಎಂದು ತವರಲ್ಲಿ ಕಲಿಸಿ ಕಳಿಸಿದ್ದರು. ಸಾರಿಗೆ ಉಪ್ಪು ಸರಿಯಿದೆಯಾ ಎಂದು ತಾತ ಕೇಳಿದರೆ ಬಾಗಿಲ ಹಿಂದಿನಿಂದ ಒಂದೇ ಉತ್ತರ, "ಬಾಗುಂದಿ ಮಾವಾ." ಚೆನ್ನಾಗಿದೆ ಮಾವ ಎಂದು ಅರ್ಥ. ಉಪ್ಪೇ ಹಾಕದ ದಿನವೂ ಬಾಗುಂದಿಯೇ.

ಮರುವರ್ಷದ ಆಷಾಢದಲ್ಲಿ ಆ ಅನಾಹುತ ಆಯಿತು. ಕಂಬಳಿ ನೇಯುವವರು ಮಗ್ಗಕ್ಕೆ ಏರಿಸುವ ಉದ್ದ ಎಳೆಗಳನ್ನು ಹಾಸು ಅನ್ನುತ್ತಾರೆ. ಹಾಸನ್ನು ಬೀದಿಯಲ್ಲಿ ಎಳೆದು ಕಟ್ಟಿ, ಹುಣಸೆಬೀಜ ಅರೆದು ಕುದಿಸಿದ ಗಂಜಿಯನ್ನು ಬಳಿದು ಒಣಗಿಸುತ್ತಾರೆ. ಉಣ್ಣೆಯ ಎಳೆ ಗಟ್ಟಿಯಾಗುವುದು ಆ ಗಂಜಿಯಿಂದ. ಅವತ್ತು ಬೆಳಿಗ್ಗೆ ಮೋಡ ಕಟ್ಟಿತ್ತು. ಮಳೆ ಬರುವುದರೊಳಗೆ ಬಳಿದು ಮುಗಿಸಬೇಕೆಂದು ತಾತ ಕುಣಿಯುತ್ತಿದ್ದ. ಗಂಜಿಯ ಹರವಿಯನ್ನು ಒಲೆಯಿಂದ ಇಳಿಸಲು ಒಂದು ಕಡೆ ಅವನು, ಇನ್ನೊಂದು ಕಡೆ ನಮ್ಮವ್ವ. ಅವಳ ಕೈಗೆ ಇನ್ನೂ ಹಿಡಿತ ಸಿಕ್ಕಿರಲಿಲ್ಲ, ಇವನು ತನ್ನ ಕಡೆಯಿಂದ ಎತ್ತಿಯೇ ಬಿಟ್ಟ. ಹರವಿ ವಾಲಿತು. ಬಿಸಿನೀರಾದರೆ ಹರಿದು ಹೋಗುತ್ತದೆ, ಗಂಜಿ ಹಾಗಲ್ಲ, ಬಿದ್ದ ಕಡೆ ಅಂಟಿಕೊಳ್ಳುತ್ತದೆ. ಬಲಗಡೆಯ ಕತ್ತಿನಿಂದ ಹೆಗಲ ತನಕ ಬೆಂದುಹೋಯಿತು.

ಆಗ ತಾತನ ಬಾಯಿಂದ ಬಂದ ಮೊದಲ ಮಾತು, "ನೋಡ್ಕಂಡು ಹಿಡಿಯಾದಲ್ವಾ?"

ಅದಕ್ಕಾಗಿ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ. ಬೆಂದವಳು ಅವಳು, ಬೈಸಿಕೊಂಡವಳೂ ಅವಳೇ. ಅಜ್ಜಿ ಲೋಳೆಸರ ಕತ್ತರಿಸಿ ತಂದು ಹಚ್ಚಿದಳು. ತಾತ ಅವತ್ತು ಊಟ ಮಾಡಲಿಲ್ಲ, ಆದರೆ ತಪ್ಪಾಯಿತು ಅಂತಲೂ ಅನ್ನಲಿಲ್ಲ. ಮಾವನಾದವನು ಸೊಸೆಗೆ ಹಾಗೆ ಹೇಳುವ ಪದ್ಧತಿ ಅವನು ಕಂಡ ಯಾವ ಮನೆಯಲ್ಲೂ ಇರಲಿಲ್ಲ.

ಮಹಾನವಮಿಯ ಹೊತ್ತಿಗೆ ಗಾಯ ಮಾಯಿತು. ಚರ್ಮ ಮಾತ್ರ ಸುಕ್ಕುಗಟ್ಟಿ, ಕೆಂಪಗೆ, ಎಳೆಮಗುವಿನದರಷ್ಟು ಸೂಕ್ಷ್ಮವಾಗಿ ಉಳಿಯಿತು. ಬಿಸಿಲು ತಾಗಿದರೆ ಉರಿ, ಸೀರೆಯ ಸೆರಗು ಉಜ್ಜಿದರೆ ಉರಿ. ಬಾವಿಕಟ್ಟೆಯಲ್ಲಿ ಹೆಂಗಸರು ಕೇಳುತ್ತಾರೆಂದು ಅವಳು ನೀರಿಗೆ ಹೋಗುವುದನ್ನೇ ಬಿಟ್ಟಳು. ದೀಪಾವಳಿ ಕಳೆದ ಮೇಲೆ ಅವಳ ಅಣ್ಣ ಬಂದು, ಮಾಘಮಾಸದಲ್ಲಿ ತಂಗಿಯ ಮದುವೆ, ಹದಿನೈದು ದಿನ ಮುಂಚೆಯೇ ಕಳಿಸಿಕೊಡಿ ಎಂದ. ಸೆರಗನ್ನು ಕಿವಿಯ ತನಕ ಸುತ್ತಿಕೊಂಡಿದ್ದ ನಮ್ಮವ್ವ, ಮನೆಯಲ್ಲಿ ಕೆಲಸವಿದೆ, ನಾನು ಬರುವುದಿಲ್ಲ ಎಂದು ಒಳಗಿನಿಂದಲೇ ಹೇಳಿದಳು. ಅಣ್ಣ ಮುಖ ಸಣ್ಣದು ಮಾಡಿಕೊಂಡು ಹೋದ. ಜಗುಲಿಯ ಮೇಲಿದ್ದ ತಾತನಿಗೆ ಅದೆಲ್ಲ ಕೇಳಿಸಿತು. ಸ್ವಂತ ತಂಗಿಯ ಮದುವೆಗೆ ಹೋಗದೆ ಹುಡುಗಿ ಕೂತುಕೊಳ್ಳುತ್ತಾಳೆ, ಅದು ತನ್ನಿಂದ ಎಂದು ಅವನಿಗೆ ಗೊತ್ತಾಯಿತು. ಬಾಯಲ್ಲಿ ಹೇಳಲು ಬಾರದ್ದನ್ನು ಮಗ್ಗದಲ್ಲಿ ಮಾಡಿ ಮುಗಿಸುತ್ತೇನೆ ಅಂದುಕೊಂಡ.

ಶಿರಾದಲ್ಲಿ ಉಣ್ಣೆ ವ್ಯಾಪಾರದ ಸಾಹೇಬರೊಬ್ಬರಿದ್ದರು. ಅವರು ಚಳಿಗಾಲದಲ್ಲಿ ಕತ್ತಿಗೆ ಸುತ್ತಿಕೊಳ್ಳುವ ಬಟ್ಟೆಯನ್ನು ಗುಲುಬಂದು ಅನ್ನುತ್ತಿದ್ದರು. ತಾತ ಹೋಗಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಅಗಲ ಅಳೆದುಕೊಂಡು ಬಂದ. ಸೂಕ್ಷ್ಮವಾದ ಚರ್ಮಕ್ಕೆ ಯಾವ ನೂಲು ಹೊಂದುತ್ತದೆ ಎಂಬುದೊಂದೇ ಈಗ ಅವನ ತಲೆಯಲ್ಲಿ. ಕಂಬಳಿಯಾದರೆ ಅವನಿಗೆ ಅಂತಹ ಯೋಚನೆಯೇ ಇರುತ್ತಿರಲಿಲ್ಲ. ಮಳೆ ತಡೆಯಬೇಕು, ಇಪ್ಪತ್ತು ವರ್ಷ ಬಾಳಬೇಕು, ಚುಚ್ಚಿದರೆ ಚುಚ್ಚಲಿ. ಈಗ ಒಂದೊಂದು ನೂಲಿನಲ್ಲೂ ಗೇಣಗಲದ ತುಂಡು ನೇಯ್ದು ನೋಡಲು ಹೊರಟ.

ಮೊದಲ ತುಂಡು ಮಾಮೂಲಿ ಕರಿ ಉಣ್ಣೆಯದು, ಅಜ್ಜಿಯಿಂದ ತೆಳ್ಳಗೆ ನೂಲಿಸಿದ್ದು. ಎರಡನೆಯದು ಮರಿಗಳ ಮೊದಲ ಕತ್ತರಿಯ ಉಣ್ಣೆ, ಕೈಗೆ ಸಿಕ್ಕಿದ್ದೇ ತಿಳಿಯದಷ್ಟು ಹಗುರ. ಮೂರನೆಯದಕ್ಕೆ ಸಾಹೇಬರು ಬಹಳ ನರಮ್, ಮೆತ್ತಗಿದೆ ಎಂದು ಹೊಗಳಿ ಕೊಟ್ಟ ಮಿಲ್ಲಿನ ನೂಲು. ನಾಲ್ಕನೆಯದರಲ್ಲಿ ಅರ್ಧ ಹತ್ತಿ, ಅರ್ಧ ಉಣ್ಣೆ. ಐದನೆಯದಕ್ಕೆ ಕೊರಟಗೆರೆಯ ಕಡೆ ನೆಂಟರ ಮನೆಗೆ ಹೋಗಿ ಒಂದು ಹಿಡಿ ರೇಷ್ಮೆ ಚೂರು ಕೇಳಿ ತಂದಿದ್ದ. ಯಾವುದು ಯಾವುದೆಂದು ಮರೆಯದಂತೆ ಮೂಲೆಯಲ್ಲಿ ಒಂದು ಗಂಟು, ಎರಡು ಗಂಟು, ಹೀಗೆ ಗುರುತು ಹಾಕಿದ. ತುಂಡನ್ನು ನಡುಮನೆಯ ಗೂಡಿನಲ್ಲಿಡುವುದು. ಸೊಸೆ ಅದನ್ನು ಎರಡು ದಿನ ಕತ್ತಿಗೆ ಸುತ್ತಿಕೊಂಡು ಮತ್ತೆ ಗೂಡಿನಲ್ಲಿಡುವುದು. ಇವನು ಜಗುಲಿಯಿಂದ, ಹೆಂಗೈತಮ್ಮ ಎಂದು ಕೇಳುವುದು.

"ಬಾಗುಂದಿ ಮಾವಾ."

ಐದಕ್ಕೂ ಬಾಗುಂದಿ. ಐದನ್ನೂ ಪಾಸು ಮಾಡಿದ ಮೇಲೆ ಪರೀಕ್ಷೆ ಇಟ್ಟು ಏನು ಬಂತು? ತಾತ ತಲೆ ಕೆರೆದುಕೊಂಡು ಐದು ತುಂಡುಗಳನ್ನೂ ತನ್ನ ಕತ್ತಿಗೇ ಸುತ್ತಿಕೊಂಡು ಊರಲ್ಲಿ ಓಡಾಡಿದ. ಅರವತ್ತು ವರ್ಷ ಕಂಬಳಿ ಹೊದ್ದ ಕತ್ತು ಅದು, ಏನೂ ತಿಳಿಯಲಿಲ್ಲ. ಪಾಲಣ್ಣನಿಗೆ ಗಂಟಲುಬೇನೆ ಬಂದಿದೆ ಎಂದು ಊರವರು ಕಷಾಯ ಹೇಳಿಕೊಟ್ಟದ್ದೇ ಲಾಭ. ಕೊನೆಗೆ ಅಜ್ಜಿಯನ್ನು ಕೇಳಿದ. ಅಜ್ಜಿ ಸೊಸೆಗೆ ತಲೆ ಬಾಚುವಾಗ ನೋಡಿದ್ದಳು. ಬೇಸರದಿಂದಲೇ ಹೇಳಿದಳು: ಐದರಲ್ಲಿ ಒಂದೂ ಆಗಿಬಂದಿಲ್ಲ, ಪ್ರತಿ ಸಲವೂ ಕತ್ತು ಕೆಂಪಗೆ ಬಾತುಕೊಂಡಿದೆ, ನೀನು ಕೇಳಿದರೆ ಅವಳು ಇನ್ನೇನು ತಾನೇ ಅಂದಾಳು.

ತಾತ ಎರಡು ದಿನ ಮಗ್ಗಕ್ಕೆ ಇಳಿಯಲಿಲ್ಲ. ಅವನಿಗೆ ನೋವಾದದ್ದು ನೂಲು ಸೋತದ್ದಕ್ಕಲ್ಲ. ತನ್ನನ್ನು ಮೆಚ್ಚಿಸಲು ಆ ಹುಡುಗಿ ಹತ್ತು ದಿನ ಉರಿಯನ್ನು ನುಂಗಿಕೊಂಡಿದ್ದಳು. ಗಂಜಿ ಬಿದ್ದ ದಿನವೂ ಹೀಗೆಯೇ ಸುಮ್ಮನಿದ್ದಳು ಎಂದು ಅವನಿಗೆ ಹೊಳೆಯಿತು. ಮೂರನೆಯ ದಿನ ಬೆಳಿಗ್ಗೆ ಕುಣಿಮಗ್ಗದಲ್ಲಿ ಇಳಿದು ಕೂತ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನ ತಲೆ ನೆಲದಲ್ಲಿ ನಿಂತವರ ಸೊಂಟಕ್ಕೆ ಬರುತ್ತದೆ. ಗೋಡೆಯ ಕಡೆ ಮುಖ ಮಾಡಿಕೊಂಡು ಸೊಸೆಯನ್ನು ಕರೆದ. ಅವಳು ಬಂದು ಬೆನ್ನ ಹಿಂದೆ ನಿಂತಳು.

"ಆಂಜಿನಿ, ನಾನು ತಿರುಗಿ ನೋಡಾಕಿಲ್ಲ," ಅಂದ. "ನನ್ನ ಮಾವ ಅಂತ ಅನ್ಕಬ್ಯಾಡ. ಮಗ್ಗದೋನು ಅನ್ಕ. ಕಂಬ್ಳಿ ಕೊಂಡೋರೆಲ್ಲ ನಂಗೆ ಬೈತಾರೆ ಕಣಮ್ಮ, ನೀನೂ ಬೈಯಿ. ಯಾವ್ ದಾರ ಚುಚ್ತು ಯೋಳು."

 ಬೆನ್ನ ಹಿಂದೆ ಅವಳ ಬಳೆ ಸದ್ದಾಯಿತಂತೆ.

"ಏದೀ ಬಾಗಲೇದು ಮಾವಾ," ಅಂದಳು ನಮ್ಮವ್ವ. ಯಾವುದೂ ಚೆನ್ನಾಗಿಲ್ಲ. ಆಮೇಲೆ ಕನ್ನಡದಲ್ಲಿ ಸೇರಿಸಿದಳು, "ದಾರದ್ದೇನೂ ತಪ್ಪಿಲ್ಲ. ಗಂಜಿ. ಐದ್ರಾಗೂ ಅದೇ ಗಂಜಿ ಒರಟೈತೆ. ಬೆವರಿದ್ರೆ ಹುಣಸೆಬೀಜದ ವಾಸ್ನೆ ಬತ್ತೈತೆ. ಆ ವಾಸ್ನೆ ಬಂದ್ರೆ ನಂಗೆ ಕತ್ತು ಮತ್ತೆ ಬೆಂದಂಗೆ ಆಯ್ತೈತೆ."

ಐದು ಬಗೆಯ ನೂಲಿಗಾಗಿ ಮೂರು ತಾಲ್ಲೂಕು ಅಲೆದವನು ಐದಕ್ಕೂ ಒಂದೇ ಗಂಜಿ ಬಳಿದಿದ್ದ. ಮರಿಯ ಉಣ್ಣೆಗೂ ಬಳಿದಿದ್ದ, ಮಿಲ್ಲಿನ ನೂಲಿಗೂ ಬಳಿದಿದ್ದ, ರೇಷ್ಮೆಯನ್ನೂ ಬಿಟ್ಟಿರಲಿಲ್ಲ. ಅವನಪ್ಪ ಬಳಿದಿದ್ದ, ಅವನಜ್ಜ ಬಳಿದಿದ್ದ. ಗಂಜಿ ಬಿಟ್ಟು ನೇಯಬಹುದು ಎಂಬುದೇ ಅವನ ತಲೆಗೆ ಹೋಗಿರಲಿಲ್ಲ. ಅದರಲ್ಲೂ ಅವಳನ್ನು ಸುಟ್ಟ ಅದೇ ಗಂಜಿಯನ್ನು ಅವಳ ಕತ್ತಿಗೆ ಸುತ್ತಲು ಕೊಟ್ಟಿದ್ದ. ಗೋಡೆ ನೋಡುತ್ತಾ ಕೂತಿದ್ದವನ ಹೆಗಲು ಅಲುಗಾಡಿದ್ದನ್ನು ನಮ್ಮವ್ವ ಕಂಡಳಂತೆ. ಮಾವ ಅಳುತ್ತಿದ್ದಾನೆಂದು ಅವಳಿಗೆ ಭಯವಾಗಿ ಒಳಗೆ ಓಡಿದಳು.

ಮರಿಯ ಉಣ್ಣೆಯನ್ನೇ ಆರಿಸಿಕೊಂಡ. ಅಜ್ಜಿ ಎರಡೆರಡು ಎಳೆ ಸೇರಿಸಿ ಹುರಿ ಮಾಡಿಕೊಟ್ಟಳು. ಗಂಜಿ ಇಲ್ಲದ ಹಾಸು ನೇಯುವುದೆಂದರೆ ಹತ್ತು ಸಲ ಲಾಳಿ ಹಾಯಿಸಿದರೆ ನಾಲ್ಕು ಎಳೆ ಕಿತ್ತುಹೋಗುತ್ತವೆ. ಕಿತ್ತ ಪ್ರತಿಯೊಂದನ್ನೂ ಹುಡುಕಿ, ಗಂಟು ಹಾಕಿ, ಗಂಟು ಒಂದೇ ಕಡೆಗೆ ಬರುವಂತೆ ನೋಡಿಕೊಂಡು ಮುಂದೆ ಹೋಗಬೇಕು. ನಾಲ್ಕು ದಿನಕ್ಕೊಂದು ಕಂಬಳಿ ಇಳಿಸುತ್ತಿದ್ದವನು ಮೂರು ಮೊಳಕ್ಕೆ ಹನ್ನೆರಡು ದಿನ ತೆಗೆದುಕೊಂಡ. ಆ ಹನ್ನೆರಡು ದಿನ ಅವನು ಯಾರ ಮೇಲೂ ರೇಗಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು, ಅದನ್ನು ನಂಬುವುದು ನನಗೆ ಸ್ವಲ್ಪ ಕಷ್ಟ. ಅಂಟುವಾಳದ ನೊರೆಯಲ್ಲಿ ಒಗೆದು, ನೆರಳಲ್ಲಿ ಒಣಗಿಸಿ ಗೂಡಿನಲ್ಲಿಟ್ಟ. ಈ ಸಲ ಹೇಗಿದೆ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ನಮ್ಮವ್ವನೇ ಬಾಗಿಲಿಗೆ ಬಂದು, ಒಂದು ಮಗ್ಗುಲಲ್ಲಿ ಗಂಟು ಚುಚ್ಚುತ್ತದೆ, ತಿರುವಿ ಹಾಕಿಕೊಂಡರೆ ಹಿತವಾಗಿದೆ ಎಂದಳು. ಸೊಸೆ ಕೊರತೆ ಹೇಳಿದ್ದು ಕೇಳಿ ಆ ಮುದುಕನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ನನ್ನ ಸೊಸೆಗೆ ನಾನು ನೇಯ್ದದ್ದು ಚುಚ್ಚುತ್ತಂತೆ ಎಂದು ಬೀದಿಯಲ್ಲಿ ಹೇಳಿಕೊಂಡು ಬಂದ.

ಅವಳು ಬಾವಿಗೆ ಹೋಗತೊಡಗಿದಳು. ಮದುವೆಗೂ ಹೋಗುತ್ತೇನೆ ಎಂದಳು. ಹೊರಡುವ ಹಿಂದಿನ ದಿನ ಸೀರೆ ಮಡಿಸಿಡುತ್ತಾ, ಜಗುಲಿಯ ಕಡೆ ನೋಡದೆಯೇ ಕೇಳಿದಳು:

"ನಮ್ಮಮ್ಮ ಇದೇನು ಅಂತ ಬಿಚ್ಚಿಸಿ ನೋಡಿದ್ರೆ ಏನು ಯೋಳ್ಲಿ ಮಾವಾ?"

 ಹನ್ನೆರಡು ದಿನ ಗಂಟು ಹಾಕಿದ್ದೆಲ್ಲ ಮುಚ್ಚಿಡುವ ಕೆಲಸ ಅಷ್ಟೇ ಎಂದು ತಾತನಿಗೆ ಆಗ ಹೊಳೆಯಿತು. ಸುಟ್ಟದ್ದು ಯಾರೆಂದು ಅವಳು ಸುಳ್ಳು ಹೇಳಬೇಕು, ಇಲ್ಲವೇ ಮಾವನನ್ನು ತವರಿನ ಮುಂದೆ ದೂರಬೇಕು. ಎರಡೂ ಅವಳ ತಲೆಗೇ ಬಂತು. ಎದ್ದು ಹೋಗಿ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿದ. ಅವಳನ್ನು ನಮ್ಮಪ್ಪ ಬಿಟ್ಟುಬರುವುದೆಂದು ಮಾತಾಗಿತ್ತು. ಬೆಳಿಗ್ಗೆ ನೋಡಿದರೆ ಎತ್ತು ಕಟ್ಟಿ ಹಗ್ಗ ಹಿಡಿದು ತಾತನೇ ಕೂತಿದ್ದ.

ಎರಡನೆಯ ದಿನ ಮಧ್ಯಾಹ್ನ ಆ ಊರು ಮುಟ್ಟಿದರು. ನನ್ನ ಅಮ್ಮಮ್ಮ, ಅಂದರೆ ನಮ್ಮವ್ವನ ತಾಯಿ ಓಬಳಮ್ಮ ಚಪ್ಪರದ ಕೆಳಗೆ ಬಂದು ಬೀಗರಿಗೆ ಕಾಲಿಗೆ ನೀರು ತಂದಿಟ್ಟಳು. ತಾತ ಚೊಂಬು ಮುಟ್ಟಲಿಲ್ಲ. ನೆಂಟರೆಲ್ಲ ನೋಡುತ್ತಿದ್ದಂತೆ ಅಂಗಳದಲ್ಲೇ ನಿಂತು ಹೇಳಿದ:

"ತಾಯೀ, ನಿನ್ನ ಮಗಳ ಕತ್ತು ಸುಟ್ಟೋನು ನಾನು. ಅವಸರಕ್ಕೆ ಗಂಜಿ ಹರವಿ ಎತ್ತಿಬುಟ್ಟೆ. ಬೆಂದು ಒದ್ದಾಡ್ತಾ ಇದ್ದೋಳ್ನ, ನೋಡ್ಕಂಡು ಹಿಡಿಯಾದಲ್ವಾ ಅಂತ ಬೈದೆ. ಎತ್ತಿದ್ದೂ ನನ್ನ ತಪ್ಪು, ಬೈದದ್ದೂ ನನ್ನ ತಪ್ಪು. ಅವಳು ಯಾರ್ಗೂ ಯೋಳಿಲ್ಲ."

ಓಬಳಮ್ಮ ಮಗಳ ಕತ್ತಿನ ಬಟ್ಟೆಯನ್ನು ತಾನೇ ಬಿಚ್ಚಿದಳು. ಸುಕ್ಕುಗಟ್ಟಿದ ಚರ್ಮದ ಮೇಲೆ ಅಂಗೈ ಇಟ್ಟು ಅತ್ತಳು. ಬೀಗರ ಕಡೆ ಒಮ್ಮೆಯೂ ತಿರುಗದೆ ಒಳಗೆ ಹೋದಳು. ನೆಂಟರೂ ಒಬ್ಬೊಬ್ಬರಾಗಿ ಸರಿದರು. ತಾತ ಧೂಳು ಮೆತ್ತಿದ ಕಾಲಲ್ಲಿ ಬಿಸಿಲಿನಲ್ಲೇ ನಿಂತಿದ್ದ. ಬಂದ ದಾರಿಯಲ್ಲಿ ಹಿಂದಿರುಗಲೆಂದು ಎತ್ತಿನ ಕಡೆ ತಿರುಗಿದ.

ನಮ್ಮವ್ವ ಕತ್ತು ಮುಚ್ಚಿಕೊಳ್ಳದೆ ಹಾಗೆಯೇ ಬಂದು, ಚೊಂಬನ್ನು ಎತ್ತಿ ಅವನ ಕೈಗೆ ಕೊಟ್ಟಳು. ಮಾವನ ಮುಖವನ್ನು ಅವಳು ನೇರವಾಗಿ ನೋಡಿದ್ದು ಅದೇ ಮೊದಲು.

"ಕಾಲು ತೊಳ್ಕ ಮಾವಾ," ಅಂದಳು. "ಒಳೀಕೆ ಬಾ."