ಚಪಾತಿ ಹಿಟ್ಟು ಮತ್ತು ದೊಡ್ಡ ವಾಲ್ವು

ಚಾಚಾ ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಯಾವ ಕಬ್ಬಿಣದ ಸಾಮಾನು ಕೊಟ್ಟರೂ ಮೊದಲು ಆ ಉಗುರನ್ನು ಅದರ ಅಂಚಿನ ಮೇಲೆ ಎಳೆದು, ಕಣ್ಣು ಮುಚ್ಚಿ, ಹುಳಿ ಮಾವಿನಕಾಯಿ ಕಚ್ಚಿದವರಂತೆ ಮುಖ ಮಾಡುತ್ತಿದ್ದರು. ಮುಖ ಸಡಿಲವಾಯಿತೆಂದರೆ ಸಾಮಾನು ಸರಿಯಿದೆ ಎಂದು ಅರ್ಥ.

ಲಿಮೆರಿಕ್ ಊರಿನ ಹೊರಗೆ ನಾವಿರುವ ಬಡಾವಣೆಯಲ್ಲಿ ಅವರದು ಪಕ್ಕದ ಮನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳ ನಡುವೆ ಬೆಳೆದವರು, ಇಲ್ಲಿಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನನಗೂ ಚಾಚಾ, ನನ್ನ ಮಗಳಿಗೂ ಚಾಚಾ. ವಿನಯ ಅನ್ನುವ ಗುಣ ಅವರ ಹತ್ತಿರ ಸುಳಿದಿರಲಿಲ್ಲ. ಬರೀ ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುತ್ತಿದ್ದೆ ಎಂದು ಕೊಚ್ಚಿಕೊಳ್ಳುವರು. ಅವರದೇ ವ್ಯಾನು ಮಾತ್ರ ಆಗಾಗ ಸೂಪರ್‌ಮಾರ್ಕೆಟ್ಟಿನ ಮುಂದೆ ಕೆಟ್ಟು ನಿಲ್ಲುವುದು, ಚಾಚಿ ತರಕಾರಿ ಚೀಲ ಹೊತ್ತು ಬಸ್ಸಿನಲ್ಲಿ ಬರುವರು. ಯಾರು ಗಾಡಿ ಹತ್ತಿದರೂ ಚಾಚಾ ಕಿಟಕಿಗೆ ಬಗ್ಗಿ ಒಂದೇ ಮಾತು ಹೇಳುತ್ತಿದ್ದರು. "ಬೇಗ ಹೋಗು ಅನ್ನಲ್ಲ. ತಲುಪು."

ನನಗೆ ರಸ್ತೆ ಎಂದರೆ ಭಯ. ಸುಮ್ಮನೆ ಬಂದ ಭಯವಲ್ಲ. ನಾನು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ವಾರಾಂತ್ಯ ಕಳೆದು ಕೆಲಸಕ್ಕೆ ಹೋದರೆ ಎಳೆಯ ಮೂಳೆಗಳು ಮುರಿದು ಬಂದಿರುತ್ತವೆ. ಹುಡುಗರು ಅಮ್ಮನನ್ನು ಕರೆಯುತ್ತಿರುತ್ತಾರೆ. ಇಂಥ ನನ್ನ ಹೊಟ್ಟೆಯಲ್ಲಿ ಕಾರಿನ ಹುಚ್ಚಿನ ಮಗಳು ಹುಟ್ಟಿದಳು. ಕಾಲೇಜಿನ ಮೊದಲ ವರ್ಷದಲ್ಲೇ, ಅಂಗಡಿಯಲ್ಲಿ ದುಡಿದ ಹಣದಿಂದ ಹೊಗೆ ಕಾರುವ ಒಂದು ಹಳೇ ಚಿಕ್ಕ ಕಾರು ಕೊಂಡು, ಚಾಚಾನ ಶೆಡ್ಡಿಗೆ ತಳ್ಳಿಕೊಂಡು ಹೋಗಿ, ಎಂಜಿನ್ ಬಿಚ್ಚಿ ಹರಡಿದಳು. ಅವಳಪ್ಪ ವಾರವಿಡೀ ಡಬ್ಲಿನ್‌ನಲ್ಲಿ. ಫೋನಿನಲ್ಲಿ ಹೇಳಿದರೆ, ಕಲಿಯಲಿ ಬಿಡು ಎಂದು ನಗುತ್ತಿದ್ದರು.

ಬಿಚ್ಚಿದ್ದನ್ನು ಇದ್ದ ಹಾಗೇ ಜೋಡಿಸಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಎಂಜಿನ್ನಿನ ತಲೆಯಲ್ಲಿ ವಾಲ್ವುಗಳಿರುತ್ತವೆ, ಅವು ಎಂಜಿನ್ ಉಸಿರಾಡುವ ಬಾಗಿಲುಗಳು ಎಂದು ಚಾಚಾ ನನಗೆ ತಿಳಿಸಿದ್ದರು. ಮಗಳು ಗುಜರಿಯಲ್ಲಿ ಅಂಥ ಇನ್ನೊಂದು ತಲೆ, ಅಂದರೆ ಸಿಲಿಂಡರ್ ಹೆಡ್ ಹುಡುಕಿದ್ದಳು, ದೊಡ್ಡ ವಾಲ್ವಿನದು. ಅದನ್ನು ಕೂರಿಸಿದರೆ ಗಾಡಿ ಹಾರುತ್ತದಂತೆ. ಹಾರುತ್ತದೆ ಎಂಬ ಆ ಒಂದು ಮಾತೇ ನನಗೆ ಸಾಕಾಯಿತು. ಅವಳು ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಪಕ್ಕದ ಮನೆಗೆ ಹೋದೆ. ಆ ವಾಲ್ವು ಈ ಎಂಜಿನ್ನಿಗೆ ಕೂರುವುದೇ ಇಲ್ಲ ಎಂದು ಹೇಳಿಬಿಡಿ ಚಾಚಾ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದೆ.

ಚಾಚಾ ಉಗುರು ನೋಡಿಕೊಂಡರು. "ಸುಳ್ಳು ಹೇಳಿ ಒಂದ್ಸಲ ತಡೀಬೋದಮ್ಮ. ಮುಂದಿನ ಸಲ ನನ್ನ ಕೇಳ್ದೇನೇ ಹಾಕ್ಕೋತಾಳೆ. ಈಗ ಕೇಳ್ಕೊಂಡು ಬರ್ತಾವ್ಳಲ್ಲ, ಆ ದಾರಿ ಮುಚ್ಚಬೇಡ."

ಕೋಪ ಬಂತು. ಹೆತ್ತವಳ ಸಂಕಟ ಇವರಿಗೇನು ಗೊತ್ತು ಎಂದುಕೊಂಡು ಎದ್ದೆ. ಬಾಗಿಲ ತನಕ ಬಂದು ಅವರು ಕೇಳಿದ್ದು ಇಷ್ಟೇ: "ಮನೇಲಿ ಚಪಾತಿ ಹಿಟ್ಟು ಕಲ್ಸಿದ್ರೆ ಒಂದು ಉಂಡೆ ತಗೊಂಡ್ ಬಾಮ್ಮ, ಸ್ವಲ್ಪ ಗಟ್ಟಿಯಾಗಿ."

ಶನಿವಾರ ಬೆಳಿಗ್ಗೆ ಹಿಟ್ಟು ಹಿಡಿದು ಶೆಡ್ಡಿನಲ್ಲಿ ನಿಂತೆ. ಚಾಚಾ ಅದನ್ನು ಲಟ್ಟಿಸಿ, ಅಂಟದಂತೆ ಎಣ್ಣೆ ಸವರಿ, ಎಂಜಿನ್ನಿನೊಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನಿನ ನೆತ್ತಿಯ ಮೇಲೆ ಹಾಸಿದರು. ಮೇಲೆ ಹೊಸ ಹೆಡ್ಡನ್ನು ಬಿಗಿದರು. ಮಗಳು ಬೋಲ್ಟು ತಿರುಗಿಸುವ ಪಾನ ಹಿಡಿದು ಕೈಯಲ್ಲೇ ಎಂಜಿನ್ ತಿರುಗಿಸಿದಳು. ದೊಡ್ಡ ವಾಲ್ವು ಇಳಿದು ಬಂದು ಪಿಸ್ಟನ್ನಿಗೆ ಬಡಿಯುತ್ತದೋ ಇಲ್ಲವೋ, ಹಿಟ್ಟೇ ಹೇಳುತ್ತದಂತೆ. ಬಡಿಯಲಿ ದೇವರೇ, ಕೂರದಿರಲಿ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ.

ಹೆಡ್ ಬಿಚ್ಚಿ ಹಿಟ್ಟನ್ನು ಚಾಕುವಿನಲ್ಲಿ ಸೀಳಿದರು. ವಾಲ್ವು ಒತ್ತಿದ ಗುಂಡನೆಯ ಗುರುತು, ಅದರಡಿ ಹರಿಯದೆ ಉಳಿದ ದಪ್ಪನೆಯ ಹಿಟ್ಟು. ಚಾಚಾ ಉಗುರಿಟ್ಟು ನೋಡಿದರು, ಅಳತೆ ಹಿಡಿದು ನೋಡಿದರು. ಮುಖ ಸಡಿಲವಾಯಿತು.

"ಕೂರುತ್ತೆ," ಎಂದರು.

ಮಗಳು ಕುಣಿದಳು. ನಾನೇ ನಾದಿದ ಹಿಟ್ಟು ನನಗೆ ಎರಡು ಬಗೆಯಿತಲ್ಲ ಎನ್ನಿಸಿ ಅಳು ಬಂತು.

ಚಾಚಾ ಮಾತು ಮುಗಿಸಿರಲಿಲ್ಲ. ಗಾಡಿ ಎಲ್ಲಿ ಓಡಿಸುತ್ತೀಯ ಎಂದು ಅವಳನ್ನು ಕೇಳಿದರು. ಮನೆಯಿಂದ ಕಾಲೇಜು, ಕಾಲೇಜಿನಿಂದ ಮನೆ ಎಂದಳು. ದಾರಿಯುದ್ದಕ್ಕೂ ರೌಂಡಬೌಟು, ಸಿಗ್ನಲ್ಲು, ಮುಂದಿನವನ ಬಾಲ. "ಎಂಜಿನ್ ಕಿರುಚೋ ಹಾಗೆ ಓಡ್ಸಿದಾಗ್ಲೇ ಮಗಾ, ದೊಡ್ಡ ಬಾಗ್ಲಿಂದ ಲಾಭ. ನಿಧಾನ ಹೋಗೋವಾಗ ಗಾಳಿಗೆ ಜೋರಿರಲ್ಲ, ಇರೋ ಎಳೆತಾನೂ ಹೋಗುತ್ತೆ. ಟ್ರಾಫಿಕ್ಕಲ್ಲಿ ನಿಂತ್ಕೊಂಡು ಆಕಳಿಸ್ತಾ ಇರುತ್ತೆ ಅಷ್ಟೇ." ಆಮೇಲೆ ಮೇಜಿನ ಒಂದು ಪಕ್ಕ ಆ ಹೆಡ್ ಇಟ್ಟರು. ಇನ್ನೊಂದು ಪಕ್ಕ ಅವಳ ಕಾರಿನಿಂದಲೇ ಬಿಚ್ಚಿದ್ದ ಬ್ರೇಕ್ ಪ್ಯಾಡುಗಳನ್ನಿಟ್ಟರು. ಸವೆದು ಹಪ್ಪಳವಾಗಿದ್ದವು. ಹೆಡ್ಡಿಗೆ ಇನ್ನೂ ಕೆಲಸವಿದೆ, ಇರುವ ದುಡ್ಡು ಅದಕ್ಕೆ ಕೊಟ್ಟರೆ ಬ್ರೇಕಿಗೂ ಟೈರಿಗೂ ಉಳಿಯುವುದಿಲ್ಲ ಎಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹೇಳಿ, ಎರಡರಲ್ಲಿ ಯಾವುದೆಂದು ನೀನೇ ಹೇಳು ಎಂದು ಟೀ ಕುಡಿಯಲು ಒಳಗೆ ಹೊರಟೇ ಹೋದರು. ನನ್ನನ್ನೂ ಎಳೆದುಕೊಂಡು ಹೋದರು.

ಆ ಟೀ ನಾನು ಕುಡಿಯಲಿಲ್ಲ. ಚಾಚಾ ಕೂಡ ಕುಡಿಯಲಿಲ್ಲ. ಲೋಟ ಕೆಳಗಿಟ್ಟು ಮತ್ತೆ ಮತ್ತೆ ಕಿಟಕಿಯಿಂದ ಶೆಡ್ಡಿನ ಕಡೆ ಇಣುಕುತ್ತಿದ್ದರು. ಜಂಬದ ಮನುಷ್ಯನಿಗೂ ನನ್ನಷ್ಟೇ ಹೆದರಿಕೆ ಇದೆ ಎಂದು ಅವತ್ತು ಗೊತ್ತಾಯಿತು. ಕೊನೆಗೆ ಮಗಳು ಬಾಗಿಲಿಗೆ ಬಂದಳು, ಕೈಯಲ್ಲಿ ಸವೆದ ಪ್ಯಾಡು. "ಬ್ರೇಕ್ಸ್, ಸೋ," ಎಂದಳು, ಮುಖ ಊದಿಸಿಕೊಂಡು.

ಹಳೇ ವಾಲ್ವುಗಳನ್ನೇ ಉಜ್ಜಿ ಕೂರಿಸಿ, ಹೊಸ ಬ್ರೇಕು ಹಾಕಿದ ಮೇಲೆ ಕಾರು ಎದ್ದಿತು. ಅವಳಿಗೆ ಲೈಸೆನ್ಸೂ ಬಂತು. ಹೊಸ ಚಾಲಕರು ಅಂಟಿಸುವ ಎನ್ ಅಕ್ಷರದ ಹಲಗೆ ಹಿಂದುಗಡೆ ಕೂತಿತು. ಪಕ್ಕದ ಸೀಟಿನಲ್ಲಿ ನಾನು ಜೀವ ಕೈಯಲ್ಲಿ ಹಿಡಿದು, ನಿಧಾನ ನಿಧಾನ ಎಂದು ಜಪ ಮಾಡುತ್ತಿದ್ದೆ. ಏನೂ ತೊಂದರೆಯಿಲ್ಲ ಎನ್ನಲು ಇಲ್ಲಿಯವರು ಹೇಳುವ ಮಾತೇ ಅವಳ ಒಂದೇ ಉತ್ತರ, "ಐ ಆಮ್ ಗ್ರ್ಯಾಂಡ್, ಅಮ್ಮ."

ಕಳೆದ ವರ್ಷ ಹುಲ್ಲು ಕೊಯ್ಯುವ ಕಾಲ. ಚಾಚಾ, ಚಾಚಿ ಪಕ್ಕದ ಕ್ಲೇರ್ ಜಿಲ್ಲೆಯ ಹಳ್ಳಿಯಲ್ಲಿದ್ದ ತಮ್ಮ ಮಗನ ಮನೆಗೆ ಹೋಗಿದ್ದರು. ಮಧ್ಯಾಹ್ನ ಚಾಚಿಯ ಫೋನು. ಇವರು ಅಂಗಳದಲ್ಲಿ ಬಿದ್ದುಬಿಟ್ಟರು, ಆಂಬ್ಯುಲೆನ್ಸಿಗೆ ಹೇಳಿದ್ದೇವೆ, ನೀನು ಆಸ್ಪತ್ರೆಯವಳು, ಬೇಗ ಬಾ ಎಂದು ಅಳುತ್ತಿದ್ದರು. ಮಗಳು ಕೀ ತೆಗೆದುಕೊಂಡಳು.

ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಒಂದು ಗಾಡಿಯಷ್ಟೇ ದಾರಿ. ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತಿತ್ತು. ಆ ದೊಡ್ಡ ವಾಲ್ವು ಹಾಕಿದ್ದರೆ ಎಂದು ನಾನು, ನಾನೇ, ಅಂದುಕೊಂಡೆ. "ಜೋರಾಗಿ ಓಡ್ಸೇ, ಇನ್ನೂ ಜೋರಾಗಿ," ಎಂದು ಅವಳ ಭುಜ ಹಿಡಿದು ಅಲುಗಿಸಿದೆ.

ಅವಳು ವೇಗ ಹೆಚ್ಚಿಸಲಿಲ್ಲ. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಕನ್ನಡದಲ್ಲಿ ಹೇಳಿದಳು. "ತಲುಪಬೇಕಲ್ವಾ ಅಮ್ಮ."

ತಿರುವು ದಾಟಿದರೆ ದಾರಿಗಡ್ಡ ಹುಲ್ಲಿನ ಟ್ರೇಲರು. ಟ್ರ್ಯಾಕ್ಟರ್ ಗೇಟಿನೊಳಗೆ ತಿರುಗುತ್ತಿತ್ತು. ಅವಳು ಬ್ರೇಕ್ ಒತ್ತಿದಳು. ಕಾರು ನಿಂತಾಗ ಟ್ರೇಲರಿನ ಹುಲ್ಲು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ದಾರಿ ಬಿಡುವವರೆಗೆ ಅವಳು ಸ್ಟೀರಿಂಗ್ ಹಿಡಿದೇ ಕೂತಿದ್ದಳು. ಆಮೇಲೆ ಗೇರು ಹಾಕಿದಳು.

ಆ ಮನೆ ಮುಂದೆ ಆಂಬ್ಯುಲೆನ್ಸ್ ಬಾಗಿಲು ತೆರೆದು ನಿಂತಿತ್ತು. ಅದರ ಸಿಬ್ಬಂದಿಯಲ್ಲಿ ಯಾರಿಗೂ ಅವಸರವಿರಲಿಲ್ಲ. ಕಾರಿನಿಂದ ಇಳಿಯುವ ಮೊದಲೇ ನನಗೆ ತಿಳಿಯಿತು. ಚಾಚಿ ಓಡಿಬಂದು ಮೊದಲು ಮಗಳನ್ನು ಮುಟ್ಟಿ ನೋಡಿದರು, ಆಮೇಲೆ ನನ್ನನ್ನು. ಬೀಳುವ ಸ್ವಲ್ಪ ಮುಂಚೆ ಚಾಚಾ ಅವಳ ಕಾರಿನ ವಿಷಯವನ್ನೇ ಮಗನ ಮುಂದೆ ಕೊಚ್ಚಿಕೊಳ್ಳುತ್ತಿದ್ದರಂತೆ.

ತಡವಾಗಿತ್ತು. ಆದರೆ ಇಬ್ಬರೂ ಬಂದಿದ್ದೆವು.

ನನ್ನ ಭಯ ಹೋಗಿಲ್ಲ. ಹೊರಗೆ ಕಾರು ಎದ್ದ ಸದ್ದು ಕೇಳಿದರೆ ಹಿಟ್ಟು ನಾದುವ ಕೈ ಇವತ್ತಿಗೂ ನಿಲ್ಲುತ್ತದೆ. ಹಾಗೇ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡುತ್ತೇನೆ. ನಿಧಾನ ಅನ್ನುವುದನ್ನು ಮಾತ್ರ ಬಿಟ್ಟಿದ್ದೇನೆ. ಕಾರಿನ ಕಿಟಕಿಗೆ ಬಗ್ಗಿ, ತಲುಪು ಅನ್ನುತ್ತೇನೆ.