ಹನ್ನೊಂದು ವರ್ಷದ ತಂತಿ

ವಾದ್ಯದ ಅಂಗಡಿಗೆ ಬರುವವರಲ್ಲಿ ಎರಡು ಬಗೆ. ತಮಗೇನು ಬೇಕೆಂದು ಗೊತ್ತಿಲ್ಲದವರು ಒಂದು ಬಗೆ, ಗೊತ್ತಿದೆ ಎಂದುಕೊಂಡವರು ಇನ್ನೊಂದು. ಮಂದ್ರಕ್ಕನ ಪಾಲಿಗೆ ಬರುವವರು ಹೆಚ್ಚುಕಡಿಮೆ ಎಲ್ಲರೂ ಎರಡನೆಯವರೇ.

ಮಂದ್ರಕ್ಕ ಅನ್ನುವುದು ಅಂಗಡಿಯವರು ಇಟ್ಟ ಅಡ್ಡಹೆಸರು. ಅವಳು ನುಡಿಸುವುದು ಬೇಸ್ ಗಿಟಾರ್. ನಾಲ್ಕೇ ದಪ್ಪ ತಂತಿ, ಹಾಡಿನ ಅಡಿಯಲ್ಲಿ ಇದ್ದೂ ಇಲ್ಲದಂತಿರುವ ದನಿ. ಅವಳ ಮಾತೂ ಹಾಗೇ, ಕೆಳಗಿನ ಸ್ಥಾಯಿ ಬಿಟ್ಟು ಮೇಲೇರುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ನೆಲಮಾಳಿಗೆಯ ಅಂಗಡಿಯಲ್ಲಿ ಬೇಸ್ ವಿಭಾಗ ನೋಡಿಕೊಳ್ಳುತ್ತಿದ್ದಾಳೆ. ವಿಭಾಗ ಅಂದರೆ ಎಷ್ಟು ದೊಡ್ಡದೋ ಏನೋ ಎಂದುಕೊಳ್ಳಬೇಡಿ. ಗೋಡೆಗೆ ತೂಗುಹಾಕಿದ ಹದಿನಾಲ್ಕು ಗಿಟಾರು, ಎರಡು ಆಂಪ್ಲಿಫೈಯರು, ಪೆಡಲುಗಳನ್ನಿಟ್ಟ ಒಂದು ಗಾಜಿನ ಕಪಾಟು, ಕೂತರೆ ಒಂದು ಕಾಲು ಕುಂಟುವ ಸ್ಟೂಲು. ಬಿಸಿಲು ಅಲ್ಲಿಗೆ ಮೆಟ್ಟಿಲ ಮೂರನೇ ಹಂತದವರೆಗೆ ಮಾತ್ರ ಇಳಿಯುತ್ತದೆ.

"ಟೋನ್ ಸರಿ ಇಲ್ಲ ಮೇಡಂ. ತೆಳ್ಳಗೆ ಕೇಳುತ್ತೆ. ಯಾವ ಪೆಡಲ್ ಹಾಕಿದ್ರೆ ದಪ್ಪ ಆಗುತ್ತೆ?" ಎನ್ನುತ್ತಾ ಬರುತ್ತಾರೆ. ಕಾಲಲ್ಲಿ ಒತ್ತಿ ದನಿ ಬದಲಿಸುವ ಆ ಪುಟ್ಟ ಡಬ್ಬಿಗಳ ಮೇಲೆ ಜನಕ್ಕಿರುವ ಭಕ್ತಿ ನೋಡಿದರೆ ಯಾರಿಗಾದರೂ ತಲೆ ಚಿಟ್ಟು ಹಿಡಿಯಬೇಕು. ಮೊನ್ನೆ ಬ್ಯಾಂಕಿನ ಗುಮಾಸ್ತರೊಬ್ಬರು ತಮ್ಮ ಬೇಸ್ ಹೊತ್ತು ಬಂದಿದ್ದರು. ಮನೆಯಲ್ಲಿ ಆಗಲೇ ಐದು ಪೆಡಲ್ ಇಟ್ಟುಕೊಂಡಿದ್ದರು, ಆರನೆಯದು ಬೇಕಿತ್ತು.

"ತಂತಿ ಯಾವಾಗ ಬದಲಾಯಿಸಿದ್ರಿ?" ಎಂದು ಮಂದ್ರಕ್ಕ ಕೇಳಿದಳು.

"ಬದಲಾಯಿಸ್ಬೇಕಾ?"

ಮಂದ್ರಕ್ಕ ಅವರ ಗಿಟಾರನ್ನೇ ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆಂದು ಸಿಕ್ಕಿಸಿದ್ದ ಪೆಡಲಿನ ವೈರೆಲ್ಲ ಕಿತ್ತು, ನೇರ ಆಂಪಿಗೆ ಸಿಕ್ಕಿಸಿ ನಾಲ್ಕು ಸ್ವರ ನುಡಿಸಿದಳು. ಬೆರಳನ್ನು ತಂತಿ ಕೊನೆಯಾಗುವ ಕಡೆಯಿಂದ ಒಂದು ಗೇಣು ಈಚೆ ತಂದಿದ್ದಳು, ಅಷ್ಟೇ. ಗುಮಾಸ್ತರ ಹುಬ್ಬು ಮೇಲೇರಿತು.

"ಇದು ನಂದೇನಾ?"

"ನಿಮ್ದೇ. ಮೊದಲು ಬೆರಳು ಸರಿಮಾಡ್ಕೊಳ್ಳಿ. ಆಮೇಲೆ ತಂತಿ. ಆಮೇಲೆ ಒಳ್ಳೆ ಕೇಬಲ್ಲು. ಭುಜ ನೋಯದಂಥ ಅಗಲವಾದ ಪಟ್ಟಿ ತಗೊಳ್ಳಿ, ಭುಜ ನೋಯ್ತಿದ್ರೆ ಬೆರಳು ಹಗುರಾಗಲ್ಲ. ಇಷ್ಟೆಲ್ಲ ಆದಮೇಲೂ ದುಡ್ಡು ಕಡೀತಿದ್ರೆ ಪೆಡಲ್ ನೋಡೋಣ."

ಅವರು ಎಲ್ಲದಕ್ಕೂ ತಲೆಯಾಡಿಸಿ, ಕೊನೆಗೆ ಆರನೇ ಪೆಡಲನ್ನೇ ತೆಗೆದುಕೊಂಡು ಹೋದರು. ಮಾಲೀಕರಿಗೆ ಖುಷಿಯಾಯಿತು. ಮಂದ್ರಕ್ಕ ಕುಂಟು ಸ್ಟೂಲಿನ ಮೇಲೆ ಕೂತು ಎಡಗೈ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡಳು.

ಆ ಬೆರಳುಗಳ ವಿಷಯ ಹೇಳಲೇಬೇಕು. ಐವತ್ತೊಂದು ವಯಸ್ಸು, ಮೂವತ್ತು ವರ್ಷದ ವಾದನ. ಉಂಗುರದ ಬೆರಳು, ಕಿರುಬೆರಳಿನ ಕೀಲುಗಳು ಊದಿಕೊಂಡಿದ್ದವು. ಡಾಕ್ಟರು ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡುವವರಲ್ಲ. "ಇನ್ನೊಂದು ವರ್ಷ ಬಾರಿಸ್ತೀರ. ಹೆಚ್ಚಂದ್ರೆ ಎರಡು" ಎಂದಿದ್ದರು. ಮಂದ್ರಕ್ಕ ಆಯ್ತು ಎಂದು ಎದ್ದು ಬಂದಿದ್ದಳು. ಆಯ್ತು ಅನ್ನದೆ ಇನ್ನೇನು ಅನ್ನುವುದು?

ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಇಷ್ಟು ವರ್ಷ ನುಡಿಸಿದರೂ ಅವಳ ಬೇಸಿನ ದನಿ ಎಲ್ಲೂ ದಾಖಲಾಗಿರಲಿಲ್ಲ. ವಾರದ ಕೊನೆಗೆ ತಮ್ಮನ ಜೊತೆ ಸಭಾಂಗಣಗಳಲ್ಲಿ, ಹೋಟೆಲಿನ ಊಟದ ಕೋಣೆಗಳಲ್ಲಿ ನುಡಿಸಿದ್ದೆಲ್ಲ ತಟ್ಟೆ ಚಮಚಗಳ ಸದ್ದಿನಲ್ಲಿ ಕರಗಿಹೋಗಿತ್ತು. ಆ ದನಿಯೋ, ಕೇಳಿದವರು ತಿರುಗಿ ನೋಡುವಂಥದ್ದು. ದುಂಡಗೆ, ಮೆತ್ತಗೆ, ಕೊನೆಯಲ್ಲಿ ಸ್ವಲ್ಪ ಒರಟು. ಅದರ ಗುಟ್ಟು ಗಿಟಾರಿನಲ್ಲಿರಲಿಲ್ಲ, ಗಿಟಾರು ಸಾಧಾರಣದ್ದು. ಗುಟ್ಟಿದ್ದದ್ದು ತಂತಿಯಲ್ಲಿ. ಹನ್ನೊಂದು ವರ್ಷದಿಂದ ಅವಳು ತಂತಿ ಬದಲಾಯಿಸಿರಲಿಲ್ಲ.

ಬೇಸ್ ನುಡಿಸುವವರಲ್ಲಿ ಹೀಗೊಂದು ಹುಚ್ಚಿನ ಪಂಗಡವಿದೆ. ಹೊಸ ತಂತಿ ಝಣ್ ಎನ್ನುತ್ತದೆ, ಹೊಳೆಯುತ್ತದೆ, ಮಾರುವುದಕ್ಕೆ ಚೆಂದ. ವರ್ಷಗಟ್ಟಲೆ ಬೆವರು, ಧೂಳು, ಬೆರಳಿನ ಜಿಡ್ಡು ಕುಡಿದ ತಂತಿ ಮಾತ್ರ ಆ ಝಣಝಣ ಬಿಟ್ಟು ದುಂಡಗೆ ಮಾತಾಡುತ್ತದೆ. ಮಂದ್ರಕ್ಕ ಮೊದಮೊದಲು ಸೋಮಾರಿತನದಿಂದ ಬದಲಾಯಿಸಲಿಲ್ಲ. ಆಮೇಲೆ ಆ ದನಿ ಬಂದು ಕೂತಮೇಲೆ ಯಾರನ್ನೂ ಮುಟ್ಟಗೊಡಲಿಲ್ಲ. ಗಿರಾಕಿಗಳಿಗೆ ಹೇಳುವುದೊಂದು, ತಾನು ಮಾಡುವುದೊಂದು ಎಂದು ತಮ್ಮ ಛೇಡಿಸುತ್ತಿದ್ದ.

ತಮ್ಮನಿಗೆ ಕನ್ನಡಕದ ಗಾಜು ಉಜ್ಜುವ ಕೆಲಸ. ಹಾಡು ಅವನ ಚಟ. ನಲವತ್ತಾರರ ಹೊತ್ತಿಗೆ ಧೈರ್ಯ ಮಾಡಿ ತಾನೇ ಕಟ್ಟಿದ ಒಂದು ಹಾಡನ್ನು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಲು ಹೊರಟಿದ್ದ. "ಬೇಸ್ ನೀನೇ ಅಕ್ಕ. ನೀನು ಬರಲ್ಲ ಅಂದ್ರೆ ಹಾಡೂ ಇಲ್ಲ" ಎಂದಿದ್ದ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗೊತ್ತಾಗಿತ್ತು. ಕೈ ಸೋಲುವ ಮುಂಚೆ ಒಂದೇ ಒಂದು ಸಲ ಆ ದನಿ ಎಲ್ಲಾದರೂ ಉಳಿದರೆ ಸಾಕು ಎಂದು ಅವಳು ಯಾರಿಗೂ ಹೇಳದೆ ಆಸೆಪಟ್ಟಿದ್ದಳು.

ಶುಕ್ರವಾರ ಅವಳು ತನ್ನ ಬೇಸನ್ನು ಅಂಗಡಿಗೆ ತಂದಳು. ದನಿ ಹೆಚ್ಚುಕಡಿಮೆ ಮಾಡುವ ಗುಂಡಿ ತಿರುಗಿಸಿದಾಗ ಕರಕರ ಎನ್ನುತ್ತಿತ್ತು, ಅದಕ್ಕೆ ಒಂದಿಷ್ಟು ಸ್ಪ್ರೇ ಹೊಡೆದರೆ ಮುಗಿಯಿತು. ಆದರೆ ಅವತ್ತು ಕೆಲಸದ ಮೇಜಿನ ಮೇಲೆ ಒಂದು ಶಾಲೆಯಿಂದ ಬಂದ ಏಳು ಗಿಟಾರು ಸಾಲಾಗಿ ಮಲಗಿದ್ದವು, ಎಲ್ಲಕ್ಕೂ ಹೊಸ ತಂತಿ ಕಟ್ಟಬೇಕಿತ್ತು. ಸಂಜೆಯೊಳಗೆ ಬೇಕು ಎಂದು ಮಾಲೀಕರು ಬೆಳಿಗ್ಗೆಯಿಂದ ಮೂರು ಸಲ ಬಂದು ಹೇಳಿ ಹೋಗಿದ್ದರು. ಜಾಗವಿಲ್ಲದೆ ಅವಳು ತನ್ನದನ್ನೂ ಸಾಲಿನ ಕೊನೆಯಲ್ಲಿಟ್ಟಳು.

ಈ ಕೆಲಸಕ್ಕೊಂದು ಕ್ರಮವಿದೆ. ಗಿಟಾರಿನ ತಲೆಯಲ್ಲಿರುವ ಕಿವಿ ತಿರುಗಿಸಿ ತಂತಿ ಸಡಿಲ ಮಾಡುವುದು, ಕಟರ್ ತೆಗೆದುಕೊಂಡು ನಟ್ಟನಡುವೆ ಕತ್ತರಿಸುವುದು, ಎರಡು ತುಂಡನ್ನೂ ಎಳೆದು ಸುತ್ತಿ ಡಬ್ಬಕ್ಕೆ ಹಾಕುವುದು. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ತಂತಿ ಕತ್ತರಿಸಿದ್ದಳೋ. ನಾಲ್ಕನೆಯ ಗಿಟಾರಿನ ಹೊತ್ತಿಗೆ ಮೆದುಳು ಮನೆಗೆ ಹೋಗಿತ್ತು, ಕೈ ಮಾತ್ರ ಕೆಲಸ ಮಾಡುತ್ತಿತ್ತು. ಐದಾಯಿತು, ಆರಾಯಿತು, ಏಳಾಯಿತು. ಕೈ ಎಂಟನೆಯದಕ್ಕೆ ಹೋಯಿತು. ಸಡಿಲ ಮಾಡಿತು, ಕತ್ತರಿಸಿತು. ಮುಂದಿನದನ್ನೂ ಕತ್ತರಿಸಿತು.

ಕಟರಿಗೆ ಸಿಕ್ಕ ತಂತಿ ಇಷ್ಟು ದಪ್ಪವೇಕೆ ಎಂದು ಅವಳಿಗೆ ಅನ್ನಿಸಿದ್ದು ಆಗ.

ಅದು ಅವಳದೇ ಬೇಸು. ಕತ್ತರಿಸಿದ ಎರಡು ತಂತಿಗಳ ತುದಿಯನ್ನು ಒಂದಕ್ಕೊಂದು ತಾಗಿಸಿ ನೋಡಿದಳು, ಅದರಿಂದ ಏನೂ ಆಗುವುದಿಲ್ಲವೆಂದು ಅವಳಷ್ಟು ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ. ಎರಡು ಹಳೆಯದು, ಎರಡು ಹೊಸತು ಇಟ್ಟರೆ ಇಬ್ಬರು ಬೇರೆಬೇರೆಯವರು ನುಡಿಸಿದಂತೆ ಕೇಳುತ್ತದೆ. ಆಮೇಲೆ ಉಳಿದೆರಡನ್ನೂ ಸಡಿಲ ಮಾಡಿ ತಾನೇ ಕತ್ತರಿಸಿದಳು. ಗುಂಡಿಗೆ ಸ್ಪ್ರೇ ಹೊಡೆಯುವುದನ್ನು ಮರೆಯಲಿಲ್ಲ.

ಶನಿವಾರವೆಲ್ಲ ಮಂದ್ರಕ್ಕ ತಾನು ಮೂಗು ಮುರಿಯುತ್ತಿದ್ದ ಗಿರಾಕಿಗಳ ಥರವೇ ಆಡಿದಳು. ಅಂಗಡಿಯ ತಂತಿಗಳಲ್ಲೆಲ್ಲ ಮಂದವಾದದ್ದನ್ನು ಆರಿಸಿ ಕಟ್ಟಿದಳು. ತಂತಿಯ ಅಡಿಗೆ ಸ್ಪಂಜಿನ ತುಂಡು ತುರುಕಿದಳು. ಕಪಾಟಿನ ಪೆಡಲುಗಳನ್ನು ಒಂದೊಂದಾಗಿ ಕೆಳಗಿಳಿಸಿ ಸಾಲಾಗಿ ಜೋಡಿಸಿ, ಒಂದರಲ್ಲಿ ಹೊಳಪು ಇಳಿಸಿ, ಇನ್ನೊಂದರಲ್ಲಿ ಏರಿಳಿತ ಅದುಮಿ, ಮತ್ತೊಂದರಲ್ಲಿ ಚೂರು ಒರಟು ಬೆರೆಸಿ ನೋಡಿದಳು. ತಂತಿಗೆ ಅಂಗೈಯಿಂದ ಕೊಬ್ಬರಿ ಎಣ್ಣೆ ಸವರಿದ್ದೂ ಉಂಟು, ಅದನ್ನು ಹೇಳಿಕೊಳ್ಳಲು ಅವಳಿಗೆ ಇವತ್ತಿಗೂ ನಾಚಿಕೆ.

"ಏನಮ್ಮಾ, ನೀನೂ ಪೆಡಲ್ ಪಾರ್ಟಿ ಸೇರಿದ್ಯಾ?" ಎಂದು ಮಾಲೀಕರು ನಕ್ಕರು.

"ಹೂಂ" ಎಂದಳು. ವಿವರಿಸುವಷ್ಟು ತ್ರಾಣ ಇರಲಿಲ್ಲ. ಸಂಜೆಗೆ ದನಿ ಹತ್ತಿರ ಬಂದಿತ್ತು. ಪಕ್ಕದ ಮನೆಯವರು ನಮ್ಮವರಂತೆ ಕಂಡಷ್ಟು ಹತ್ತಿರ, ಅದಕ್ಕಿಂತ ಮುಂದೆ ಬರಲಿಲ್ಲ.

ತಮ್ಮನಿಗೆ ಹೇಳಬೇಕೆಂದು ಎರಡು ಸಲ ಫೋನ್ ಕೈಗೆತ್ತಿಕೊಂಡಳು. ಅವನು ರಜೆ ಹಾಕಿ, ಸ್ಟುಡಿಯೋದವರನ್ನು ಕಾಡಿ ಬೇಡಿ ಹೊತ್ತು ಗೊತ್ತುಮಾಡಿದ್ದ. ಅವನ ಸಂಭ್ರಮಕ್ಕೆ ತಣ್ಣೀರು ಎರಚುವುದೇಕೆ ಎಂದು ಸುಮ್ಮನಾದಳು.

ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಮಾಡುವಾತ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗಾಜಿನಾಚೆ ಕೂತಿದ್ದ. ಅವಳು ಪೆಡಲುಗಳನ್ನು ನೆಲದ ಮೇಲೆ ಹರಡುವಾಗ ತಮ್ಮ ಒಂದು ಗಳಿಗೆ ಅವನ್ನೇ ನೋಡಿದ, ಏನೂ ಕೇಳಲಿಲ್ಲ. ಅವಳು ಮೊದಲ ಸ್ವರ ನುಡಿಸಿದಳು. ಗಾಜಿನಾಚೆಯಾತ ಹೆಬ್ಬೆರಳು ಎತ್ತಿದ. "ಸಕ್ಕತ್ತಾಗಿದೆ ಮೇಡಂ. ಎಷ್ಟು ಕ್ಲೀನಾಗಿದೆ" ಎಂದ. ಅವಳಿಗೆ ಅಲ್ಲೇ ಕೂತುಬಿಡುವಷ್ಟು ಆಯಾಸವಾಯಿತು. ಆದರೂ ನುಡಿಸಿದಳು. ಒಂದು ತಪ್ಪೂ ಮಾಡಲಿಲ್ಲ. ಮೂರು ಸಲ ರೆಕಾರ್ಡ್ ಮಾಡಿ ಎರಡನೆಯದನ್ನು ಇಟ್ಟುಕೊಂಡರು.

ಹಾಡು ತಯಾರಾಗಿ ಬಂದದ್ದು ಮೂರು ವಾರದ ಮೇಲೆ. ತಮ್ಮ ಅದನ್ನು ಹೊತ್ತು ಅಕ್ಕನ ಮನೆಗೆ ಬಂದ. ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟು ಹಾಡು ಹಾಕಿದ. ಅಕ್ಕನ ಜೊತೆಗೇ ಇರುವ ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

"ಚೆನ್ನಾಗಿದೆ ಕಣೋ" ಎಂದಳು ಅಮ್ಮ. ಮತ್ತೆ ಸ್ವಲ್ಪ ಹೊತ್ತಿಗೆ, "ಇವಳದ್ದೆಲ್ಲಿ? ಇವಳದ್ದು ಕೇಳಿಸ್ತಾನೇ ಇಲ್ವಲ್ಲ."

ನಿಜ. ಫೋನಿನ ಆ ಕಡಲೆಕಾಳಿನಷ್ಟು ಸ್ಪೀಕರಿನಲ್ಲಿ ಬೇಸ್ ಕೇಳುವುದೇ ಇಲ್ಲ. ಊರೆಲ್ಲ ಹಾಡು ಕೇಳುವುದು ಫೋನಿನಲ್ಲೇ. ಮಂದ್ರಕ್ಕನಿಗೆ ನಗು ಬಂತು, ಬೇಸರದ ನಗು. ಯಾರಿಗೂ ಕೇಳದ ದನಿಗಾಗಿ ಮೂರು ವಾರ ಊಟ ರುಚಿಸದೆ ಒದ್ದಾಡಿದ್ದಳು.

"ಎರಡನೇ ಚರಣದಲ್ಲಿ ಮಾತ್ರ ಜೀವ ಹಿಂಡಿಬಿಟ್ಟೆ" ಎಂದಳು ಅಮ್ಮ, ಮಗನ ಕಡೆ ತಿರುಗಿ. "ದನಿ ಹೇಗೆ ನಡುಗ್ತು ನೋಡು." ಒಲೆಯ ಮೇಲಿನದ್ದು ಉಕ್ಕುತ್ತಿತ್ತು, ಅಮ್ಮ ಎದ್ದು ಅತ್ತ ಹೋದಳು.

ತಮ್ಮ ಚೀಲದಿಂದ ಹೆಡ್‌ಫೋನ್ ತೆಗೆದು ಅಕ್ಕನ ಮುಂದಿಟ್ಟ. ಅವಳು ಅದನ್ನು ಹಾಕಿಕೊಂಡು ಪೂರ್ತಿ ಕೇಳಿದಳು. ಬೇಸ್ ಚೊಕ್ಕವಾಗಿತ್ತು. ಯಾರದೋ ಬೇಸ್. ಹೆಡ್‌ಫೋನ್ ಕಳಚಿಟ್ಟು, ಮೇಜು ನೋಡುತ್ತಾ ಹೇಳಿದಳು:

"ತಂತಿ ಕತ್ತರಿಸಿಬಿಟ್ಟೆ ಕಣೋ. ಕೈ ತಪ್ಪಿ. ರೆಕಾರ್ಡಿಂಗಿನ ಹಿಂದಿನ ಶುಕ್ರವಾರ."

"ಗೊತ್ತು."

"ಮಾಲೀಕರು ಹೇಳಿದ್ರಾ?"

"ಯಾರೂ ಹೇಳಿಲ್ಲ. ಮೊದಲ್ನೇ ಸ್ವರಕ್ಕೇ ಗೊತ್ತಾಯ್ತು."

ಮಂದ್ರಕ್ಕನಿಗೆ ಸಿಟ್ಟು ಬಂತು. ಎಷ್ಟೋ ದಿನದ ಮೇಲೆ ಆಯಾಸ ಬಿಟ್ಟು ಬೇರೆ ಏನೋ ಒಂದು ಬಂದಿತ್ತು. "ಗೊತ್ತಾದ್ಮೇಲೆ ಯಾಕೆ ಬಾಯಿ ಮುಚ್ಕೊಂಡಿದ್ದೆ? ನಿಲ್ಲಿಸ್ಬೇಕಿತ್ತು. ಇನ್ನೊಂದು ಸಲ ಎಲ್ಲಿ ಬರುತ್ತೆ ಅದು? ಹನ್ನೊಂದು ವರ್ಷ ಕಾಯೋಕೆ ಈ ಕೈ ಇರುತ್ತಾ?"

"ಕೇಳಿದ್ರೆ ನೀನು ಗಿಟಾರ್ ಚೀಲಕ್ಕೆ ಹಾಕ್ಕೊಂಡು ಎದ್ದು ಹೋಗ್ತಿದ್ದೆ. ನಿನ್ನ ನಾನು ಕಂಡಿಲ್ವಾ?" ತಮ್ಮ ಮೇಜಿನ ಮೇಲಿದ್ದ ಸಿಪ್ಪೆಯ ಚೂರನ್ನು ಅತ್ತಿತ್ತ ತಳ್ಳುತ್ತಿದ್ದ. "ಅಮ್ಮ ಹೇಳಿದ್ಳಲ್ಲ, ದನಿ ನಡುಗ್ತು ಅಂತ. ಸ್ಟುಡಿಯೋದವನೂ ಅದನ್ನೇ ಹೇಳ್ದ, ಏನು ಭಾವ ಅಂತ. ಭಾವ ಅಲ್ಲ ಅಕ್ಕ, ಏನೂ ಅಲ್ಲ. ಇಷ್ಟು ವರ್ಷ ನಿನ್ನ ದನಿ ಮೇಲೆ ಕಾಲೂರಿ ನಿಂತು ಹಾಡಿದೀನಿ. ಅವತ್ತು ಎರಡನೇ ಚರಣಕ್ಕೆ ಬಂದಾಗ ಕಾಲಿಟ್ರೆ ನೆಲ ಇರಲಿಲ್ಲ. ಹೆದರಿಬಿಟ್ಟೆ."

ಸಿಟ್ಟು ಬಂದಷ್ಟೇ ಬೇಗ ಇಳಿಯಿತು. ಅವಳ ಕಣ್ಣು ತುಂಬಿತು, ಅದನ್ನು ಅಡಗಿಸಲು ಹೋಗಲಿಲ್ಲ.

"ಎರಡನೇ ಚರಣ ಹಾಕು" ಎಂದಳು.

ಅವನು ಹಾಡನ್ನು ಮುಂದಕ್ಕೆ ಓಡಿಸಿದ. ಅವಳು ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡು ತಮ್ಮನ ದನಿ ನಡುಗುವ ಆ ಒಂದೇ ಸಾಲನ್ನು ಕೇಳಿದಳು. ಮತ್ತೆ ಹಾಕು ಎಂದು ಕೈಸನ್ನೆ ಮಾಡಿದಳು. ಅವನು ಮತ್ತೆ ಹಾಕಿದ.